ಕ್ಯಾಮೆರಾ ಮುನಿಸಿಕೊಂಡಾಗ

ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಹುಡುಗಿಯೊಬ್ಬಳು ಹಳೆಯ ಡಿಜಿಟಲ್ ಕ್ಯಾಮೆರಾ ಹಿಡಿದು ಬಂದಳು. ‘ಕಾರ್ಡ್ ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ?’ ಎಂದು ಅದರ ಪರದೆ ಕೇಳುತ್ತಿತ್ತು. ‘ಹೌದು ಅಂತ ಒತ್ತಲಾ ಅಂಕಲ್?’ ಎಂದಳು. ಆ ಕಾರ್ಡಿನಲ್ಲಿ ತೀರಿಹೋದ ಅವಳ ಅಜ್ಜನ ಚಿತ್ರಗಳಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ.

‘ಬೇಡಮ್ಮಾ, ಮೊದಲು ಆಫ್ ಮಾಡು’ ಎಂದೆ. ಕ್ಯಾಮೆರಾ ಕೆಟ್ಟರೆ ಇನ್ನೊಂದು ಕೊಳ್ಳಬಹುದು. ಅಜ್ಜನ ಚಿತ್ರವನ್ನು ಮತ್ತೆ ತೆಗೆಯಲಾದೀತೇ?

ಕಾರ್ಡಿನಲ್ಲಿ ಚಿತ್ರಗಳು ಒಂದು ಕಡೆ, ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿ ಇನ್ನೊಂದು ಕಡೆ ಇರುತ್ತವೆ. ಪುಸ್ತಕಕ್ಕೆ ಪರಿವಿಡಿ ಇದ್ದಂತೆ. ಪಟ್ಟಿ ಕೆಟ್ಟರೂ ಚಿತ್ರಗಳು ಅಲ್ಲೇ ಉಳಿದಿರುವ ಸಂಭವವುಂಟು. ಆದರೆ ಹೊಸ ಚಿತ್ರ ತೆಗೆದರೆ ಅದು ಹಳೆಯದರ ಜಾಗದಲ್ಲೇ ಕುಳಿತುಬಿಡಬಹುದು. ಆದ್ದರಿಂದ ಅನುಮಾನ ಬಂದ ಕೂಡಲೇ ಕಾರ್ಡನ್ನು ಹೊರಗೆ ತೆಗೆದಿಡಬೇಕು.

ಇನ್ನು ದೋಷ ಹುಡುಕುವ ಬಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಪ್ರಯೋಗಶಾಲೆಯಲ್ಲಿ ನೀವು ಅನುಸರಿಸುವ ಕ್ರಮವೇ ಇದು. ಬೇರೊಂದು ಕಾರ್ಡ್ ಹಾಕಿದಾಗ ಕ್ಯಾಮೆರಾ ಸರಿಯಾಗಿ ನಡೆದರೆ ಮೊದಲಿನ ಕಾರ್ಡಿನ ಮೇಲೆ ಅನುಮಾನ. ಅದೇ ದೂರು ಬಂದರೆ ಕ್ಯಾಮೆರಾದ ಮೇಲೆ. ‘ಕಾರ್ಡ್ ಲಾಕ್ ಆಗಿದೆ’ ಎಂದು ಬಂದರೆ ಎಸ್‌ಡಿ ಕಾರ್ಡಿನ ಪಕ್ಕದ ಪುಟ್ಟ ಗುಂಡಿ ಕೆಳಕ್ಕೆ ಜಾರಿದೆಯೇ ನೋಡಿ.

ಕ್ಯಾಮೆರಾ ಚಾಲೂ ಆಗದಿದ್ದರೆ ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ. ಅದರ ಲೋಹದ ತುದಿಗಳು ಮಸುಕಾಗಿದ್ದರೆ ಒಣ ಹತ್ತಿಬಟ್ಟೆಯಿಂದ ಒರೆಸಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಅದನ್ನು ಚಾರ್ಜ್ ಮಾಡಲೂಬಾರದು, ಬಳಸಲೂಬಾರದು. ಮಸೂರದ ಕೊಳವೆ ಮುಂದೆ ಬರದೆ ಸಿಕ್ಕಿಕೊಂಡಿದ್ದರೆ ಮರಳಿನ ಕಣ ಕಾರಣವಿರಬಹುದು. ಗಾಳಿಯೂದುವ ರಬ್ಬರ್ ಬುರುಡೆಯಿಂದ ಊದಿ, ಕೈಯಿಂದ ಎಳೆಯಬೇಡಿ.

ಇಷ್ಟಕ್ಕೂ ಸರಿಹೋಗದಿದ್ದರೆ? ಸ್ಕ್ರೂ ಬಿಚ್ಚುವ ಆಸೆ ಬೇಡ. ಫ್ಲ್ಯಾಶ್‌ಗಾಗಿ ವಿದ್ಯುದಾವೇಶವನ್ನು ಕೂಡಿಡುವ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಇರಬಹುದು. ಬ್ಯಾಟರಿ ತೆಗೆದ ಮೇಲೂ ಅದು ಉಳಿದಿರುತ್ತದೆ. ಮುಟ್ಟಿದರೆ ಬಲವಾದ ಆಘಾತ ತಪ್ಪದು. ಅಲ್ಲಿಂದ ಮುಂದಿನದು ರಿಪೇರಿ ಬಲ್ಲವರ ಕೆಲಸ.

ಆ ಹುಡುಗಿಯ ಕ್ಯಾಮೆರಾದಲ್ಲಿ ಬೇರೆ ಕಾರ್ಡ್ ಸರಾಗವಾಗಿ ನಡೆಯಿತು. ಅವಳ ಕಾರ್ಡಿನ ಹಿತ್ತಾಳೆಬಣ್ಣದ ಪಟ್ಟಿಗಳ ಮೇಲೆ ತೇವದ ಕಲೆಯಿತ್ತು. ಮೆಲ್ಲಗೆ ಒರೆಸಿ, ಕಾರ್ಡ್ ರೀಡರಿನ ಮೂಲಕ ಕಂಪ್ಯೂಟರಿಗೆ ಜೋಡಿಸಿದೆವು. ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದ ಅಜ್ಜ ಪರದೆಯ ಮೇಲೆ ಬಂದರು. ಹುಡುಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಂದೇ ಎರಡು ಕಡೆ ಪ್ರತಿ ಮಾಡಿಟ್ಟೆವು. ನಿಮ್ಮ ಮನೆಯ ಬೀರುವಿನಲ್ಲೂ ಇಂಥ ಕ್ಯಾಮೆರಾ ಇದ್ದೀತು. ಅದು ಕೆಡುವ ಮೊದಲೇ ಈ ಭಾನುವಾರ ಆ ಕೆಲಸ ಮಾಡಿ.