ಗೇಟು ಹಾರಿದ ತೋಳ, ಗೋಡೆ ಸಂದಿನ ಜೇಡ

ಪ್ರಶಸ್ತಿ ಗೆದ್ದ ವನ್ಯಜೀವಿ ಚಿತ್ರ ಜನರ ಕಣ್ಣಿಗೆ ಬಿದ್ದ ಕೂಡಲೇ ಕೇಳಿಬರುವ ಮೊದಲ ಮಾತು ‘ಅಬ್ಬಾ!’. ಅದರ ಬೆನ್ನಿಗೇ ‘ಇದು ನಿಜವೇ?’ ಎನ್ನುವ ಪ್ರಶ್ನೆ. ಲೆನ್ಸು, ಷಟರು, ಬೆಳಕಿನ ಲೆಕ್ಕಾಚಾರ ಇವತ್ತು ಫೋನು ಹಿಡಿದ ಎಲ್ಲರಿಗೂ ಅಷ್ಟಿಷ್ಟು ಗೊತ್ತಿರುವುದರಿಂದ ಆ ವಿವರಗಳು ಇಲ್ಲಿ ಬೇಡ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ‘ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್’ ಸ್ಪರ್ಧೆಯೂ ಆಸಕ್ತರಿಗೆ ಹೊಸದಲ್ಲ. 1965ರಲ್ಲಿ ಪತ್ರಿಕೆಯೊಂದರ ಸ್ಪರ್ಧೆಯಾಗಿ ಹುಟ್ಟಿದ್ದು ಅದು. ಜನರ ಆ ಎರಡನೆಯ ಪ್ರಶ್ನೆಗೆ ಮಾತ್ರ ಒಂದು ಕಥೆಯೇ ಇದೆ.

2009ರಲ್ಲಿ ಸ್ಪೇನಿನ ಹೋಸೆ ಲೂಯಿಸ್ ರೋಡ್ರಿಗೆಸ್ ಅವರ ಚಿತ್ರಕ್ಕೆ ಆ ಸ್ಪರ್ಧೆಯ ಮೊದಲ ಬಹುಮಾನ ಬಂತು. ರಾತ್ರಿಯ ಕತ್ತಲಲ್ಲಿ ಮರದ ಗೇಟು ಹಾರುತ್ತಿರುವ ತೋಳ. ಹೆಸರು ‘ಕಥೆಪುಸ್ತಕದ ತೋಳ’. ಸಂಶಯ ಎದ್ದದ್ದು ಸ್ಪೇನಿನಲ್ಲೇ. ಪಟ್ಟಿಗಳ ನಡುವೆ ನುಸುಳಿ ಹೋಗಬಹುದಾದ ಕಡೆ ಕಾಡುತೋಳ ಯಾಕೆ ಹಾರುತ್ತದೆ, ಇದು ಮ್ಯಾಡ್ರಿಡ್ ಹತ್ತಿರದ ಪಾರ್ಕಿನ ಸಾಕಿದ ತೋಳವಲ್ಲವೇ ಎಂದು ಅಲ್ಲಿನವರು ಕೇಳಿದರು. ಛಾಯಾಗ್ರಾಹಕರು ಆರೋಪ ಒಪ್ಪಲಿಲ್ಲ; 2010ರ ಜನವರಿಯಲ್ಲಿ ಪ್ರಶಸ್ತಿ ರದ್ದಾಯಿತು. 2017ರ ಸ್ಪರ್ಧೆಯಲ್ಲಿ ಬ್ರೆಜಿಲ್‌ನ ಮಾರ್ಸಿಯೊ ಕಬ್ರಾಲ್ ಅವರ ಚಿತ್ರಕ್ಕೆ ಒಂದು ವಿಭಾಗದ ಬಹುಮಾನ ಸಿಕ್ಕಿತ್ತು. ನಕ್ಷತ್ರ ತುಂಬಿದ ಆಕಾಶ, ಹುಳುಗಳ ಬೆಳಕಿನಿಂದ ಮಿನುಗುವ ಗೆದ್ದಲ ಹುತ್ತ, ಅದರತ್ತ ನಡೆದ ಇರುವೆಭಕ್ಷಕ. ಮ್ಯೂಸಿಯಂ ತಜ್ಞರಿಂದ ಪರೀಕ್ಷೆ ಮಾಡಿಸಿತು. ಎಮಾಸ್ ರಾಷ್ಟ್ರೀಯ ಉದ್ಯಾನದ ಸಂದರ್ಶಕರ ಕೇಂದ್ರದಲ್ಲಿ ಹುಲ್ಲು ತುಂಬಿ ನಿಲ್ಲಿಸಿದ ಇರುವೆಭಕ್ಷಕಕ್ಕೂ ಚಿತ್ರದ ಪ್ರಾಣಿಗೂ ಮೈಮೇಲಿನ ಗುರುತು, ನಿಂತ ಭಂಗಿ, ರೋಮದ ಕುಚ್ಚು ಎಲ್ಲವೂ ತಾಳೆಯಾದವು. ಕಬ್ರಾಲ್ ಅಲ್ಲಗಳೆದರೂ 2018ರ ಏಪ್ರಿಲ್‌ನಲ್ಲಿ ಆ ಬಹುಮಾನವೂ ಹೋಯಿತು. ಇಂಥ ಪ್ರಕರಣಗಳ ನೆನಪಿದ್ದವರು ಯಾವ ಚಿತ್ರವನ್ನೂ ಒಮ್ಮೆಗೇ ನಂಬುವುದಿಲ್ಲ.

ಅದೇ ಸ್ಪರ್ಧೆಯಲ್ಲಿ 2020ರ ಮೊದಲ ಬಹುಮಾನ ಗೆದ್ದ ‘ಅಪ್ಪುಗೆ’ ಚಿತ್ರವನ್ನೂ ಇದೇ ಗುಮಾನಿಯಿಂದ ನೋಡಬಹುದು. ರಷ್ಯಾದ ದೂರಪೂರ್ವದ ಕಾಡಿನಲ್ಲಿ ಹೆಣ್ಣುಹುಲಿಯೊಂದು ಹಳೆಯ ಫರ್ ಮರವನ್ನು ಎರಡೂ ಮುಂಗಾಲಿನಿಂದ ತಬ್ಬಿ ಕೆನ್ನೆ ಉಜ್ಜುತ್ತಿದೆ. ತೈಲವರ್ಣದ ಚಿತ್ರದ ಹಾಗಿದೆ ಎಂದು ಮೆಚ್ಚಿದವರು ಎಷ್ಟೋ ಮಂದಿ. ತೆಗೆದದ್ದು ಪ್ರಾಣಿ ಸುಳಿದಾಗ ತಾನೇ ಕ್ಲಿಕ್ಕಿಸುವ ಕ್ಯಾಮೆರಾ ಟ್ರ್ಯಾಪ್, ಮನುಷ್ಯನ ಕೆಲಸವೇನು ಎಂಬ ತಕರಾರೂ ಅಂಥ ಚಿತ್ರಗಳಿಗೆ ಹೊಸದಲ್ಲ. ಛಾಯಾಗ್ರಾಹಕ ಸೆರ್ಗೆ ಗೋರ್ಷ್ಕೊವ್ ಮಾಡಿದ ಕೆಲಸವೇ ಅದಕ್ಕೆ ಉತ್ತರ. ಮರಮರದ ಮೇಲೆ ಹುಲಿಯ ವಾಸನೆ, ಉದುರಿದ ರೋಮ, ಉಗುರಿನ ಗೀರು ಹುಡುಕಿ, ಈ ಮರವೇ ಸರಿ ಎಂದು ತೀರ್ಮಾನಿಸಿ, 2019ರ ಜನವರಿಯಲ್ಲಿ ಅವರು ಕ್ಯಾಮೆರಾ ಇಟ್ಟರು. ಬೇಕಾದ ಚಿತ್ರ ಸಿಕ್ಕಿದ್ದು ನವೆಂಬರ್‌ನಲ್ಲಿ. ಗುಂಡಿ ಒತ್ತುವುದಕ್ಕಿಂತ ಮರವನ್ನು ಆರಿಸುವುದೇ ದೊಡ್ಡ ವಿದ್ಯೆ.

ಆದರೂ ಮನಸ್ಸಿಗೆ ಹೆಚ್ಚು ಹತ್ತಿರವಾಗುವುದು ಹುಲಿಯಲ್ಲ, ಬೆಂಗಳೂರಿನ ಜೇಡ. 2021ರಲ್ಲಿ ಇದೇ ಸ್ಪರ್ಧೆಯ ಹತ್ತು ವರ್ಷ ಮತ್ತು ಅದಕ್ಕಿಂತ ಕಿರಿಯರ ವಿಭಾಗ ಗೆದ್ದ ವಿದ್ಯುನ್ ಹೆಬ್ಬಾರ್ ತೆಗೆದ ‘ಗುಮ್ಮಟದ ಮನೆ’. ರೇಡಿಯೋದಲ್ಲಿ ಚಿತ್ರ ತೋರಿಸುವಂತಿಲ್ಲ, ಮಾತಿನಲ್ಲೇ ಬಿಡಿಸಬೇಕು. ಥೀಮ್ ಪಾರ್ಕೊಂದರ ಗೋಡೆಯ ಸಂದು. ಅಲ್ಲಿ ಡೇರೆ ಜೇಡದ ಬಲೆ. ಕಾಲು ಚಾಚಿದರೂ ಜೇಡದ ಅಗಲ 15 ಮಿಲಿಮೀಟರ್ ದಾಟುವುದಿಲ್ಲ. ಈ ಜೇಡದ ನೂಲಿಗೆ ಅಂಟಿಲ್ಲ. ಚೌಕ ಚೌಕ ಕಣ್ಣುಗಳ ಗುಮ್ಮಟ ಹೆಣೆದು, ಅದರ ಸುತ್ತ ಎಳೆಗಳನ್ನು ಅಡ್ಡಾದಿಡ್ಡಿ ಎಳೆದಿರುತ್ತದೆ. ಒಳಗೆ ಸಿಕ್ಕ ಹುಳಕ್ಕೆ ಹೊರದಾರಿ ಕಾಣದು. ದಿನಾ ಹೊಸ ಬಲೆ ನೇಯದೆ, ಹರಿದ ಕಡೆ ರಿಪೇರಿ ಮಾಡಿಕೊಳ್ಳುತ್ತದೆ. ಪಕ್ಕದಲ್ಲೇ ರಸ್ತೆ. ಗಾಡಿ ಹೋದಾಗೆಲ್ಲ ಬಲೆ ಅದುರುತ್ತಿತ್ತು. ಇಷ್ಟು ಹತ್ತಿರದಿಂದ ತೆಗೆಯುವಾಗ ಕೂದಲೆಳೆಯಷ್ಟು ಜರುಗಿದರೂ ಫೋಕಸ್ ತಪ್ಪುತ್ತದೆ. ಅಷ್ಟರಲ್ಲಿ ಹಿಂದೆ ಆಟೋ ಹಾದುಹೋಯಿತು. ಆಟೋ ಆಟೋವಾಗಿ ಕಾಣದೆ ಬಣ್ಣವಾಗಿ ಕರಗಿತು. ಅದರ ಮುಂದೆ ಬೆಳ್ಳಗಿನ ನೂಲಿನ ಒಂದೊಂದು ಕಣ್ಣೂ ಎಣಿಸುವಷ್ಟು ಸ್ಪಷ್ಟ. ಕಾಡೇ ಇಲ್ಲ, ಊರಿನ ಟ್ರಾಫಿಕ್ಕೇ ಹಿನ್ನೆಲೆ!

ಈ ಚಿತ್ರದ ಮುಂದೆ ‘ನಿಜವೇ’ ಎಂಬ ಪ್ರಶ್ನೆ ಕೇಳಿದವರು ಸಂಶಯ ತೀರಿಸಿಕೊಳ್ಳಲು ರಷ್ಯಾದ ದೂರಪೂರ್ವಕ್ಕೆ ಹೋಗಬೇಕಿಲ್ಲ, ತಮ್ಮ ಕಾಂಪೌಂಡಿನ ಗೋಡೆಗೆ ಕಣ್ಣಿಟ್ಟರೆ ಸಾಕು. ನೋಡುಗರನ್ನು ಹೀಗೆ ತಮ್ಮ ಅಂಗಳಕ್ಕೇ ಕಳಿಸುವ ಚಿತ್ರಗಳು ಬಹಳ ಕಡಿಮೆ.

ಕನ್ನಡನಾಡಿಗೆ ಈ ಕಲೆ ಹೊಸದೂ ಅಲ್ಲ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಮಂತ್ರಿಯಾಗಿದ್ದುಕೊಂಡೂ ಕಪ್ಪುಬಿಳುಪಿನ ಮೋಹ ಬಿಡದ ಸಂಡೂರಿನ ಎಂ.ವೈ. ಘೋರ್ಪಡೆ, ಇವರೆಲ್ಲ ರೋಲಿಗೆ 36 ಚಿತ್ರದ ಕಾಲದವರು. ತೊಳೆದು ನೋಡುವ ತನಕ ಸಿಕ್ಕಿದ್ದೇನು, ತಪ್ಪಿದ್ದೇನು ಎಂದು ತಿಳಿಯುತ್ತಿರಲಿಲ್ಲ. ಮೂಡಿಗೆರೆಯಲ್ಲಿ ಸಾಹಿತಿ ತೇಜಸ್ವಿ ಹಕ್ಕಿಗಳ ಹಿಂದೆ ಬಿದ್ದದ್ದೂ ಓದುಗರಿಗೆ ಗೊತ್ತು. ಪೆರುಮಾಳರ ವಿಷಯವೇ ಒಂದು ಪೂರ್ತಿ ಭಾಷಣಕ್ಕಾಗುವಷ್ಟಿದೆ, ಆದರೆ ನಿಗದಿಯಾದ ಹೊತ್ತು ಮುಗಿಯುತ್ತ ಬಂದಿದೆ.

ಉಳಿದದ್ದು ಬೇಗ ಬೇಗ. ಎಲ್ಲ ಪ್ರಶಸ್ತಿಚಿತ್ರವೂ ಕಣ್ಣಿಗೆ ಹಿತವಲ್ಲ. 2017ರಲ್ಲಿ ಲಂಡನ್ ಸ್ಪರ್ಧೆಯಲ್ಲಿ ಬ್ರೆಂಟ್ ಸ್ಟರ್ಟನ್ ಗೆದ್ದದ್ದು ಕೊಂಬು ಕೊಯ್ದ ಘೇಂಡಾಮೃಗದ ಹೆಣದ ಚಿತ್ರಕ್ಕೆ. ಅದೇ ವರ್ಷ ಭಾರತದಲ್ಲಿ ‘ಸ್ಯಾಂಕ್ಚುರಿ’ ಪತ್ರಿಕೆಯ ಪ್ರಶಸ್ತಿ ಪಡೆದ ಬಿಪ್ಲಬ್ ಹಜ್ರಾ ಅವರ ಚಿತ್ರದಲ್ಲಿ ಪಶ್ಚಿಮ ಬಂಗಾಳದ ಬಾಂಕುರಾದಲ್ಲಿ ತಾಯಾನೆ, ಮರಿಯಾನೆ ಬೆಂಕಿಯಿಂದ ತಪ್ಪಿಸಿಕೊಂಡು ಓಡುತ್ತಿವೆ. ಸಂಕಟಕ್ಕೆ ಬಹುಮಾನವೇ ಎಂಬ ಆಕ್ಷೇಪ ಸಹಜ. ಆದರೆ ಆ ಚಿತ್ರ ಬಹುಮಾನ ಪಡೆದದ್ದರಿಂದಲೇ ಬಾಂಕುರಾದ ಆನೆಗಳ ಪಾಡು ದೂರದೂರದವರಿಗೆ ತಿಳಿಯಿತು. ಲಂಡನ್ ಸ್ಪರ್ಧೆಯಲ್ಲಿ ಜನರೇ ಮತ ಹಾಕಿ ಆರಿಸಿದ ಚಿತ್ರಗಳಲ್ಲಿ ಲಂಡನ್ನಿನ ಸುರಂಗ ರೈಲು ನಿಲ್ದಾಣದಲ್ಲಿ ತಿಂಡಿಯ ಚೂರಿಗಾಗಿ ಜಗಳಕ್ಕಿಳಿದ ಎರಡು ಇಲಿಗಳೂ ಇವೆ. ತೆಗೆದವರು ಸ್ಯಾಮ್ ರೌಲಿ. ಇನ್ನು ನಿಯಮದ ಮಾತು: ಲಂಡನ್ ಸ್ಪರ್ಧೆಯಲ್ಲಿ ಜೀವಂತ ಪ್ರಾಣಿಯನ್ನು ಆಮಿಷವಾಗಿ ಒಡ್ಡುವಂತಿಲ್ಲ, ಕೊನೆಯ ಸುತ್ತಿಗೆ ಬಂದವರು ಕ್ಯಾಮೆರಾದಿಂದ ಹೊರಬಂದ ಮೂಲ ಫೈಲನ್ನೇ ತೀರ್ಪುಗಾರರ ಮುಂದಿಡಬೇಕು.