ಹಳೆಯ ನಮೂನೆಗೆ ಕಡತಗಳ ಸಾಮೂಹಿಕ ಪರಿವರ್ತನೆ: ಗ್ರಾಮ ಪಂಚಾಯತಿ ಸದಸ್ಯರು ಅರಿತಿರಬೇಕಾದ ವಿಷಯಗಳು

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯತಿಯ ಗಣಕಯಂತ್ರದಲ್ಲಿ ಎರಡು ಬಗೆಯ ಮಾಹಿತಿ ಇರುತ್ತದೆ. ತೆರಿಗೆ, ಆಸ್ತಿ, ಲೆಕ್ಕಪತ್ರಗಳ ಮಾಹಿತಿಯು ಪಂಚತಂತ್ರ, ಇ-ಸ್ವತ್ತು ಮುಂತಾದ ತಂತ್ರಾಂಶಗಳಲ್ಲಿ, ಪಂಚಾಯತಿ ಕಚೇರಿಯ ಹೊರಗಿನ ಸರ್ವರ್‌ಗಳಲ್ಲಿ ಇರುತ್ತದೆ. ಇಂದಿನ ವಿಷಯ ಅದಕ್ಕೆ ಸಂಬಂಧಿಸಿದ್ದಲ್ಲ. ಸಭಾ ಸೂಚನೆ, ಸಭಾ ನಡವಳಿಯ ಟೈಪು ಪ್ರತಿ, ಗ್ರಾಮ ಸಭೆಯ ಫಲಾನುಭವಿಗಳ ಪಟ್ಟಿ, ಮೇಲಿನ ಕಚೇರಿಗಳಿಗೆ ಬರೆದ ಪತ್ರ, ನೋಟಿಸು, ದೃಢೀಕರಣ ಪತ್ರದ ಮಾದರಿ ಇವೆಲ್ಲವೂ ವರ್ಡ್ ಕಡತಗಳಾಗಿ ಆ ಒಂದು ಯಂತ್ರದಲ್ಲಿಯೇ ಉಳಿದಿರುತ್ತವೆ. ಇಲ್ಲಿ ಕಡತವೆಂದರೆ ಯಂತ್ರದೊಳಗಿನ ಫೈಲು. ದಾರ ಕಟ್ಟಿ ಕಪಾಟಿನಲ್ಲಿಟ್ಟ ಕಾಗದದ ಕಡತವಲ್ಲ. ಈ ಕಡತಗಳನ್ನು ನೂರಾರು ಸಂಖ್ಯೆಯಲ್ಲಿ ಒಮ್ಮೆಗೇ ಹಳೆಯ ನಮೂನೆಗೆ ಬದಲಾಯಿಸಬೇಕಾದ ಸಂದರ್ಭ ಬಂದಾಗ ಏನಾಗುತ್ತದೆ, ಏನು ಕೆಡಬಹುದು, ಸದಸ್ಯರು ಏನನ್ನು ಕೇಳಿ ತಿಳಿಯಬೇಕು ಎಂಬುದೇ ಈ ಉಪನ್ಯಾಸದ ವಿಷಯ.

1. ಎರಡು ನಮೂನೆಗಳು

ಮೈಕ್ರೋಸಾಫ್ಟ್ ವರ್ಡ್ ತಂತ್ರಾಂಶದ 97ರಿಂದ 2003ರವರೆಗಿನ ಆವೃತ್ತಿಗಳು ಕಡತವನ್ನು ‘ಡಿಓಸಿ’ ನಮೂನೆಯಲ್ಲಿ ಉಳಿಸುತ್ತಿದ್ದವು. 2007ರ ಆವೃತ್ತಿಯಿಂದ ‘ಡಿಓಸಿಎಕ್ಸ್’ ನಮೂನೆ ಬಂದಿತು. ಈ ಹೊಸ ನಮೂನೆಗೆ 2008ರಲ್ಲಿ ಅಂತರರಾಷ್ಟ್ರೀಯ ಮಾನಕದ ಮನ್ನಣೆಯೂ ದೊರೆಯಿತು. ಹೆಸರಿನ ಕೊನೆಯಲ್ಲಿ ಒಂದೇ ಅಕ್ಷರದ ವ್ಯತ್ಯಾಸವಿದ್ದರೂ ಒಳಗಿನ ರಚನೆ ಪೂರ್ಣ ಬೇರೆ. ಹಳೆಯದು ಯಂತ್ರ ಮಾತ್ರ ಓದಬಲ್ಲ ಸಂಕೇತಗಳ ಒಂದೇ ಗಂಟು. ಹೊಸದು ಹಲವು ಚಿಕ್ಕ ಕಡತಗಳನ್ನು ಒತ್ತಿ ಕಟ್ಟಿದ ಜಿಪ್ ಪೊಟ್ಟಣ. ಪಠ್ಯ ಒಂದೆಡೆ, ಚಿತ್ರ ಮತ್ತೊಂದೆಡೆ, ವಿನ್ಯಾಸದ ವಿವರ ಇನ್ನೊಂದೆಡೆ ಇರುತ್ತವೆ.

ಆದುದರಿಂದ ಹೆಸರಿನ ಕೊನೆಯ ‘ಎಕ್ಸ್’ ಅಕ್ಷರವನ್ನು ಅಳಿಸಿಬಿಟ್ಟರೆ ಪರಿವರ್ತನೆಯಾಗುವುದಿಲ್ಲ. ಜೋಳದ ಚೀಲಕ್ಕೆ ಭತ್ತದ ಚೀಟಿ ಕಟ್ಟಿದ ಮಾತ್ರಕ್ಕೆ ಒಳಗಿನ ಜೋಳ ಭತ್ತವಾಗುವುದೇ? ಹಾಗೆ ಹೆಸರು ಬದಲಿಸಿದ ಕಡತವನ್ನು ಹಳೆಯ ಯಂತ್ರ ತೆರೆಯಲಾರದು, ತೆರೆದರೂ ಅರ್ಥವಾಗದ ಗುರುತುಗಳನ್ನು ತೋರಿಸೀತು. ಕಡತವನ್ನು ತಂತ್ರಾಂಶದಲ್ಲಿ ತೆರೆದು, ಹಳೆಯ ನಮೂನೆಯಲ್ಲಿ ಹೊಸದಾಗಿ ಬರೆಸುವುದೇ ನಿಜವಾದ ಪರಿವರ್ತನೆ.

2. ಮೊದಲ ಪ್ರಶ್ನೆ: ಪರಿವರ್ತನೆ ಬೇಕೇ?

ಹಳೆಯ ನಮೂನೆಯೇ ಬೇಕೆಂಬ ಬೇಡಿಕೆ ಸಾಮಾನ್ಯವಾಗಿ ಎರಡು ಕಾರಣಗಳಿಂದ ಬರುತ್ತದೆ. ಕಡತವನ್ನು ಪಡೆಯುವ ಕಚೇರಿಯ ಯಂತ್ರದಲ್ಲಿ 2003ರ ಅಥವಾ ಅದಕ್ಕಿಂತ ಹಳೆಯ ತಂತ್ರಾಂಶ ಇರಬಹುದು. ಇಲ್ಲವೇ ಕಡತವನ್ನು ಏರಿಸಬೇಕಾದ ಜಾಲತಾಣವು ಆ ನಮೂನೆಯೊಂದನ್ನೇ ಸ್ವೀಕರಿಸುತ್ತಿರಬಹುದು. ಯಾವ ಕಾರಣವೆಂದು ಮೊದಲು ತಿಳಿಯಬೇಕು.

ಪಡೆಯುವವರು ಓದುವುದಷ್ಟೇ ಉದ್ದೇಶವಾದರೆ ಪಿಡಿಎಫ್ ಪ್ರತಿ ಸಾಕು. ತಿದ್ದಲೇಬೇಕಾದರೆ, ಅವರ ಯಂತ್ರದಲ್ಲಿ ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ತಂತ್ರಾಂಶವನ್ನು ಅಳವಡಿಸಿದರೆ ಹೊಸ ನಮೂನೆಯನ್ನೂ ಅದು ತೆರೆಯುತ್ತದೆ. ಆದರೆ ಯಂತ್ರದಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ದರೆ, 2018ರಲ್ಲಿ ಬಂದ ಲಿಬ್ರೆಆಫೀಸ್ 6.0 ಮತ್ತು ನಂತರದ ಆವೃತ್ತಿಗಳು ಅಲ್ಲಿ ನಡೆಯುವುದಿಲ್ಲ. ವಿಂಡೋಸ್ ಎಕ್ಸ್‌ಪಿ ಮತ್ತು ಆಫೀಸ್ 2003 ಎರಡಕ್ಕೂ ತಯಾರಕರ ಭದ್ರತಾ ಬೆಂಬಲ 2014ರ ಏಪ್ರಿಲ್ 8ಕ್ಕೆ ಕೊನೆಗೊಂಡಿದೆ. ಅಂತಹ ಯಂತ್ರ ಇನ್ನೂ ಬಳಕೆಯಲ್ಲಿದ್ದರೆ ಅದನ್ನು ಬದಲಾಯಿಸುವುದೇ ಶಾಶ್ವತ ಪರಿಹಾರ. ನೂರಾರು ಕಡತಗಳ ಪರಿವರ್ತನೆ ತಾತ್ಕಾಲಿಕ ವ್ಯವಸ್ಥೆ ಮಾತ್ರ.

ಈ ಪರಿಶೀಲನೆಯ ನಂತರವೂ ಪರಿವರ್ತನೆ ಅನಿವಾರ್ಯವೆಂದು ಕಂಡುಬಂದರೆ ಎಲ್ಲ ಕಡತಗಳೂ ಬೇಕೇ, ಕೇಳಿದ ಅವಧಿಯವು ಮಾತ್ರ ಸಾಕೇ ಎಂಬುದನ್ನು ನಿರ್ಧರಿಸಬೇಕು. ಅನಗತ್ಯವಾಗಿ ಮುಟ್ಟದ ಕಡತ ಎಂದೂ ಕೆಡುವುದಿಲ್ಲ.

3. ಒಮ್ಮೆಗೇ ಪರಿವರ್ತಿಸುವ ವಿಧಾನ

ನಾಲ್ಕಾರು ಕಡತಗಳಾದರೆ ಒಂದೊಂದನ್ನೇ ತೆರೆದು ‘ಸೇವ್ ಆ್ಯಸ್’ ಮೂಲಕ ‘ವರ್ಡ್ 97-2003’ ಎಂಬುದನ್ನು ಆರಿಸಬಹುದು. ನೂರಾರು ಇದ್ದಾಗ ಎರಡು ದಾರಿಗಳಿವೆ. ವರ್ಡ್‌ನಲ್ಲಿಯೇ ಮ್ಯಾಕ್ರೋ ಎಂಬ ಕಿರು ಆಜ್ಞಾಸರಣಿಯನ್ನು ಬರೆದು ಫೋಲ್ಡರಿನ ಎಲ್ಲ ಕಡತಗಳನ್ನೂ ಸರದಿಯಂತೆ ತೆರೆಸಿ ಉಳಿಸುವುದು ಒಂದು. ಲಿಬ್ರೆಆಫೀಸ್ ತಂತ್ರಾಂಶಕ್ಕೆ ಆಜ್ಞಾ ಕಿಟಕಿಯಿಂದ, ಅಂದರೆ ಕಮಾಂಡ್ ಪ್ರಾಂಪ್ಟ್‌ನಿಂದ, ಒಂದೇ ಸಾಲಿನ ಆಜ್ಞೆ ಕೊಡುವುದು ಇನ್ನೊಂದು. ಆ ಸಾಲಿನಲ್ಲಿ ನಾಲ್ಕು ಸಂಗತಿಗಳಿರುತ್ತವೆ: ಪರದೆಯಲ್ಲಿ ಕಾಣಿಸಿಕೊಳ್ಳದೆ ಕೆಲಸ ಮಾಡು ಎಂಬ ‘ಹೆಡ್‌ಲೆಸ್’ ಸೂಚನೆ, ಯಾವ ನಮೂನೆಗೆ ಎಂಬ ‘ಕನ್ವರ್ಟ್ ಟು’ ಸೂಚನೆ, ಫಲಿತಾಂಶ ಎಲ್ಲಿ ಸೇರಬೇಕೆಂಬ ‘ಔಟ್‌ಡಿರ್’ ಸೂಚನೆ, ಕೊನೆಯಲ್ಲಿ ಯಾವ ಕಡತಗಳು ಎಂಬ ವಿವರ. ಆಜ್ಞೆ ಕೊಡುವ ಮೊದಲು ತೆರೆದಿರುವ ಲಿಬ್ರೆಆಫೀಸ್ ಕಿಟಕಿಗಳನ್ನೆಲ್ಲ ಮುಚ್ಚಿರಬೇಕು. ಇಲ್ಲವಾದರೆ ಯಾವ ದೋಷಸೂಚನೆಯೂ ಬಾರದೆ ಕೆಲಸ ಆಗದೇ ಉಳಿಯುವುದುಂಟು.

ಸದಸ್ಯರು ಈ ಆಜ್ಞೆಗಳನ್ನು ಕಲಿಯಬೇಕಾದ ಅಗತ್ಯವಿಲ್ಲ. ಕ್ಲರ್ಕ್ ಕಂ ಡಾಟಾ ಎಂಟ್ರಿ ಆಪರೇಟರ್ ಮಾಡುವ ಕೆಲಸವಿದು. ಆದರೆ ಕೈಯಿಂದ ಮಾಡಿದಾಗ ಒಂದು ಕಡತದಲ್ಲಿ ಆಗುವ ತಪ್ಪು, ಆಜ್ಞೆಯಿಂದ ಮಾಡಿದಾಗ ನೂರು ಕಡತಗಳಲ್ಲಿ ಒಂದೇ ಉಸಿರಿಗೆ ಆಗಿಬಿಡುತ್ತದೆ ಎಂಬುದನ್ನು ಅರಿತಿರಬೇಕು.

4. ಹೆಸರು ಒಂದೇ ಆದಾಗ ಆಗುವ ನಷ್ಟ

ಅತ್ಯಂತ ದೊಡ್ಡ ಅಪಾಯ ಇರುವುದು ಇಲ್ಲಿಯೇ. ಒಂದು ಉದಾಹರಣೆ ನೋಡಬಹುದು. ಪಂಚಾಯತಿಯೊಂದರಲ್ಲಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೊಂದರಂತೆ 12 ಫೋಲ್ಡರುಗಳಿವೆ ಎಂದುಕೊಳ್ಳಬಹುದು. ಪ್ರತಿಯೊಂದರಲ್ಲಿಯೂ ‘ಸಭಾ ಸೂಚನೆ’, ‘ಹಾಜರಾತಿ’, ‘ನಡವಳಿ’ ಎಂಬ 3 ಕಡತಗಳು. ಒಟ್ಟು 36. ಇವೆಲ್ಲವನ್ನೂ ಪರಿವರ್ತಿಸಿ ‘ಹಳೆಯ ನಮೂನೆ’ ಎಂಬ ಒಂದೇ ಫೋಲ್ಡರಿಗೆ ಹಾಕುವಂತೆ ಆಜ್ಞೆ ಕೊಟ್ಟರೆ ಏಪ್ರಿಲ್ ತಿಂಗಳ ನಡವಳಿಯ ಮೇಲೆ ಮೇ ತಿಂಗಳದು, ಅದರ ಮೇಲೆ ಜೂನ್ ತಿಂಗಳದು ಕುಳಿತುಕೊಳ್ಳುತ್ತದೆ. ಯಂತ್ರವು ‘ಅಳಿಸಲೇ?’ ಎಂದು ಕೇಳುವುದಿಲ್ಲ. ಕೊನೆಯಲ್ಲಿ ಉಳಿಯುವುದು 3 ಕಡತಗಳು ಮಾತ್ರ. ಮೂಲವನ್ನೂ ಅಳಿಸಿಬಿಟ್ಟಿದ್ದರೆ 33 ಕಡತಗಳು ಹೋದಂತೆಯೇ.

ಇದರ ಮತ್ತೊಂದು ರೂಪವೂ ಉಂಟು. ಒಂದೇ ಫೋಲ್ಡರಿನಲ್ಲಿ ಹಿಂದೆಯೇ ಹಳೆಯ ನಮೂನೆಯಲ್ಲಿದ್ದ ‘ಫಲಾನುಭವಿ ಪಟ್ಟಿ’ ಹಾಗೂ ನಂತರ ಹೊಸ ನಮೂನೆಯಲ್ಲಿ ಸಿದ್ಧಪಡಿಸಿದ ‘ಫಲಾನುಭವಿ ಪಟ್ಟಿ’ ಎರಡೂ ಇರಬಹುದು. ಹೆಸರು ಒಂದೇ, ವರ್ಷ ಬೇರೆ, ಒಳಗಿನ ಹೆಸರುಗಳೂ ಬೇರೆ. ಪರಿವರ್ತನೆಯ ಫಲಿತಾಂಶ ಅದೇ ಫೋಲ್ಡರಿಗೆ ಸೇರಿದರೆ ಹಳೆಯ ಪಟ್ಟಿ ಸದ್ದಿಲ್ಲದೆ ಅಳಿಯುತ್ತದೆ. ನಿವೇಶನಕ್ಕಾಗಿ ಹಿಂದಿನ ಗ್ರಾಮ ಸಭೆಯಲ್ಲಿ ಆಯ್ಕೆಯಾಗಿದ್ದವರು ಮುಂದೆ ಪ್ರಶ್ನಿಸಿದಾಗ ಯಂತ್ರದಲ್ಲಿ ಅವರ ಹೆಸರೇ ಇರುವುದಿಲ್ಲ. ಸಹಿ ಮಾಡಿದ ನಡವಳಿ ಪುಸ್ತಕವೇ ಆಗ ಆಧಾರ. ಆದರೆ ಪುಸ್ತಕಕ್ಕೆ ಲಗತ್ತಿಸಬೇಕಾದ ಪಟ್ಟಿಯನ್ನು ಮುದ್ರಿಸದೆ ಯಂತ್ರದಲ್ಲಿಯೇ ಬಿಟ್ಟಿದ್ದರೆ ಆ ಕುಟುಂಬಕ್ಕೆ ತೋರಿಸಲು ಏನೂ ಉಳಿಯದು.

ಪರಿಹಾರ ಸುಲಭ. ಫಲಿತಾಂಶಕ್ಕೆ ಪ್ರತ್ಯೇಕ ಫೋಲ್ಡರ್ ಇರಬೇಕು. ಮೂಲದಲ್ಲಿ ಇರುವಂತೆಯೇ ತಿಂಗಳವಾರು ಉಪಫೋಲ್ಡರುಗಳು ಅದರಲ್ಲಿಯೂ ಇರಬೇಕು. ಕಡತದ ಹೆಸರಿನಲ್ಲಿಯೇ ವರ್ಷ, ತಿಂಗಳು, ವಿಷಯ ಸೇರಿದ್ದರೆ ಇನ್ನೂ ಉತ್ತಮ. ಮೊದಲೂ ನಂತರವೂ ಕಡತಗಳನ್ನು ಎಣಿಸಿ ತಾಳೆ ನೋಡಲೇಬೇಕು. 36 ಕೊಟ್ಟಿದ್ದರೆ 36 ಬಂದಿರಬೇಕು.

5. ಕನ್ನಡ ಅಕ್ಷರಗಳ ಪ್ರಶ್ನೆ

ಪಂಚಾಯತಿಗಳ ಹಳೆಯ ಕಡತಗಳಲ್ಲಿ ಹಲವು ನುಡಿ ಅಥವಾ ಬರಹ ತಂತ್ರಾಂಶದ ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿವೆ. ಇವುಗಳಲ್ಲಿ ಕಡತದೊಳಗೆ ಉಳಿದಿರುವುದು ಕನ್ನಡ ಅಕ್ಷರವಲ್ಲ. ಇಂಗ್ಲಿಷ್ ಮತ್ತಿತರ ಗುರುತುಗಳ ಸಂಕೇತ. ಆ ಸಂಕೇತಕ್ಕೆ ಕನ್ನಡದ ರೂಪ ಕೊಡುವುದು ಯಂತ್ರದಲ್ಲಿರುವ ಅಕ್ಷರಶೈಲಿ, ಅಂದರೆ ಫಾಂಟ್. ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಕಡತ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪು ಮಾಡಿದ್ದರೆ ಕಡತದೊಳಗೆ ಕನ್ನಡ ಅಕ್ಷರದ ಸಂಕೇತವೇ ಇರುತ್ತದೆ.

ಡಿಓಸಿಎಕ್ಸ್‌ನಿಂದ ಡಿಓಸಿಗೆ ಬದಲಿಸಿದಾಗ ಈ ಸಂಕೇತಗಳು ಬದಲಾಗುವುದಿಲ್ಲ. ನುಡಿಯಲ್ಲಿದ್ದುದು ನುಡಿಯಲ್ಲಿಯೇ, ಯೂನಿಕೋಡ್‌ನಲ್ಲಿದ್ದುದು ಯೂನಿಕೋಡ್‌ನಲ್ಲಿಯೇ ಉಳಿಯುತ್ತದೆ. ಆದುದರಿಂದ ಪರಿವರ್ತಿತ ಕಡತ ಇನ್ನೊಂದು ಕಚೇರಿಯಲ್ಲಿ ಗೋಜಲಾಗಿ ಕಂಡರೆ ಪರಿವರ್ತನೆಯೇ ತಪ್ಪೆಂದು ಭಾವಿಸಬಾರದು. ಅಲ್ಲಿ ಫಾಂಟ್ ಇದೆಯೇ ಎಂದು ಮೊದಲು ನೋಡಬೇಕು. ಯೂನಿಕೋಡ್ ಕನ್ನಡವನ್ನು ವಿಂಡೋಸ್ ವ್ಯವಸ್ಥೆಯು ಎಕ್ಸ್‌ಪಿಯಿಂದ ಈಚೆಗೆ, ತುಂಗಾ ಎಂಬ ಫಾಂಟ್‌ನೊಂದಿಗೆ, ತೋರಿಸಬಲ್ಲದಾಯಿತು. ಅದಕ್ಕಿಂತ ಹಳೆಯ ಯಂತ್ರದಲ್ಲಿ ಯೂನಿಕೋಡ್ ಕಡತದಿಂದ ಪ್ರಯೋಜನವಿಲ್ಲ.

ಈ ಸಂದರ್ಭದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ನಮೂನೆಯ ಪರಿವರ್ತನೆ, ನುಡಿಯಿಂದ ಯೂನಿಕೋಡ್‌ಗೆ ಅಕ್ಷರಗಳ ಪರಿವರ್ತನೆ ಇವೆರಡನ್ನೂ ಒಟ್ಟಿಗೆ ಮಾಡಬಾರದು. ಅಕ್ಷರ ಪರಿವರ್ತನೆಯ ವೇಳೆ ನಡುವೆ ಬರುವ ನಿಜವಾದ ಇಂಗ್ಲಿಷ್ ಪದಗಳೂ ಕನ್ನಡದ ಗೋಜಲಾಗುವ ಸಂಭವವಿದೆ. ಎರಡೂ ಒಟ್ಟಿಗೆ ನಡೆದರೆ ತಪ್ಪು ಎಲ್ಲಿ ಆಯಿತೆಂದು ಹುಡುಕುವುದು ಕಷ್ಟ. ಎರಡನೆಯದಾಗಿ, ನುಡಿ ಫಾಂಟ್ ಇಲ್ಲದ ಯಂತ್ರದಲ್ಲಿ ಪಿಡಿಎಫ್ ಮಾಡಬಾರದು. ವರ್ಡ್ ಕಡತದಲ್ಲಾದರೆ ಮುಂದೆ ಫಾಂಟ್ ಹಾಕಿಕೊಂಡು ಓದಬಹುದು. ಪಿಡಿಎಫ್‌ನಲ್ಲಿ ಆ ಗೋಜಲೇ ಅಚ್ಚೊತ್ತಿದಂತೆ ನಿಂತುಬಿಡುತ್ತದೆ.

6. ಹಿಂದಕ್ಕೆ ಹೋದಾಗ ಕಳೆದುಹೋಗುವುವು

ಹೊಸ ನಮೂನೆಯಲ್ಲಿರುವ ಎಲ್ಲ ಸೌಲಭ್ಯವೂ ಹಳೆಯದರಲ್ಲಿಲ್ಲ. ಸಮೀಕರಣಗಳು ಚಿತ್ರಗಳಾಗುತ್ತವೆ. ‘ಸ್ಮಾರ್ಟ್‌ಆರ್ಟ್’ ಆಕೃತಿಗಳನ್ನು ಮತ್ತೆ ತಿದ್ದಲಾಗುವುದಿಲ್ಲ. ಅರ್ಜಿ ನಮೂನೆಗಳಲ್ಲಿ ಆಯ್ಕೆಗಾಗಿ ಇಟ್ಟ ನಿಯಂತ್ರಣ ಚೌಕಗಳು ಸಾಮಾನ್ಯ ಪಠ್ಯವಾಗುತ್ತವೆ. ವರ್ಡ್‌ನಲ್ಲಿರುವ ‘ಚೆಕ್ ಕಂಪ್ಯಾಟಿಬಿಲಿಟಿ’ ಸೌಲಭ್ಯವು ಇಂತಹವನ್ನು ಮುಂಚಿತವಾಗಿ ಪಟ್ಟಿ ಮಾಡಿ ತೋರಿಸುತ್ತದೆ. ಪಂಚಾಯತಿಯ ಸಾಧಾರಣ ಪತ್ರ, ಪಟ್ಟಿಗಳಿಗೆ ಇವುಗಳಿಂದ ಹೆಚ್ಚಿನ ತೊಂದರೆಯಿಲ್ಲ. ಪುಟದ ವಿಭಜನೆ ಮಾತ್ರ ಬದಲಾಗಬಹುದಾದ್ದರಿಂದ ‘ಪುಟ 3 ನೋಡಿ’ ಎಂಬಂತಹ ಉಲ್ಲೇಖಗಳನ್ನು ಪರಿಶೀಲಿಸಬೇಕು.

ಮೂರು ಸಂಗತಿಗಳು ಹೆಚ್ಚು ಗಂಭೀರ. ಪರಿವರ್ತಿತ ಕಡತ ಹೊಸ ಕಡತವಾದ್ದರಿಂದ ಮೂಲದ ಡಿಜಿಟಲ್ ಸಹಿ ಅದಕ್ಕೆ ಅನ್ವಯಿಸುವುದಿಲ್ಲ. ಕಡತದ ದಿನಾಂಕವಾಗಿ ಪರಿವರ್ತನೆಯ ದಿನವೇ ಕಾಣಿಸುತ್ತದೆ. ವರ್ಷಗಳ ಹಿಂದಿನ ಪಟ್ಟಿಯೂ ಇಂದು ತಯಾರಾದಂತೆ ತೋರುತ್ತದೆ. ಮೂರನೆಯದು ವೈರಸ್ಸಿನ ಭಯ. ಡಿಓಸಿಎಕ್ಸ್ ಕಡತದಲ್ಲಿ ಮ್ಯಾಕ್ರೋ ಇರಲಾರದು, ಅದಕ್ಕೆ ಬೇರೆಯೇ ನಮೂನೆಯುಂಟು. ಡಿಓಸಿ ಕಡತದಲ್ಲಿ ಮ್ಯಾಕ್ರೋ ಅಡಗಿರಬಹುದು, ಹೆಸರಿನಿಂದ ಅದು ತಿಳಿಯುವುದಿಲ್ಲ. ಹೊರಗಿನಿಂದ ಬಂದ ಡಿಓಸಿ ಕಡತಗಳನ್ನು ಪರೀಕ್ಷಿಸದೆ ತೆರೆಯಬಾರದು.

7. ಕಾನೂನಿನ ನೆಲೆ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 7ನೆಯ ಪ್ರಕರಣವು ವಿದ್ಯುನ್ಮಾನ ದಾಖಲೆಗಳನ್ನು ಕಾಯ್ದಿಡುವ ಬಗ್ಗೆ ಮೂರು ಷರತ್ತುಗಳನ್ನು ಹೇಳುತ್ತದೆ. ದಾಖಲೆಯು ಮುಂದೆ ಬೇಕಾದಾಗ ನೋಡಲು ದೊರೆಯುವಂತಿರಬೇಕು. ಅದು ಮೂಲತಃ ಸಿದ್ಧವಾದ ನಮೂನೆಯಲ್ಲಿ, ಇಲ್ಲವೇ ಮೂಲ ಮಾಹಿತಿಯನ್ನು ನಿಖರವಾಗಿ ಪ್ರತಿನಿಧಿಸುವುದೆಂದು ತೋರಿಸಬಹುದಾದ ನಮೂನೆಯಲ್ಲಿ ಇರಬೇಕು. ಎಲ್ಲಿಂದ, ಎಲ್ಲಿಗೆ, ಯಾವ ದಿನ, ಯಾವ ವೇಳೆ ಎಂಬುದನ್ನು ಗುರುತಿಸುವ ವಿವರವೂ ಉಳಿದಿರಬೇಕು. ಮಾಹಿತಿ ಹಕ್ಕು ಅಧಿನಿಯಮ, 2005ರ 4ನೆಯ ಪ್ರಕರಣವು ದಾಖಲೆಗಳನ್ನು ಪಟ್ಟಿ ಮಾಡಿ, ಅನುಕ್ರಮಣಿಕೆಯೊಂದಿಗೆ ಸುವ್ಯವಸ್ಥಿತವಾಗಿ ಇಡುವುದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯವೆಂದು ವಿಧಿಸುತ್ತದೆ. ಈ ಎರಡನ್ನೂ ಒಟ್ಟಿಗೆ ಓದಿದರೆ ಮೂಲವನ್ನು ಅಳಿಸುವ ಪರಿವರ್ತನೆ ಏಕೆ ಸಲ್ಲದು ಎಂಬುದು ಸ್ಪಷ್ಟವಾಗುತ್ತದೆ. ಪರಿವರ್ತಿತ ಕಡತವು ಕಳುಹಿಸಲು ಮಾಡಿದ ಪ್ರತಿ. ಮೂಲ ಕಡತವೇ ದಾಖಲೆ.

8. ಅನುಸರಿಸಬೇಕಾದ ಕ್ರಮ

(1) ಪರಿವರ್ತಿಸಬೇಕಾದ ಕಡತಗಳ ಹೆಸರು, ಮೂಲ ದಿನಾಂಕ ಮತ್ತು ಸಂಖ್ಯೆಯ ಪಟ್ಟಿಯನ್ನು ಮುದ್ರಿಸಿಕೊಳ್ಳುವುದು.

(2) ಮೂಲ ಕಡತಗಳ ಒಂದು ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ತೆಗೆದು, ತೆರೆದು ನೋಡಿ, ಬೀರುವಿನಲ್ಲಿ ಇಡುವುದು.

(3) ಹತ್ತು ಕಡತಗಳನ್ನು ಮಾತ್ರ ಮೊದಲು ಪರಿವರ್ತಿಸಿ, ಪಡೆಯುವ ಕಚೇರಿಯ ಯಂತ್ರದಲ್ಲಿಯೇ ತೆರೆಸಿ ನೋಡುವುದು. ಈ ಹತ್ತರಲ್ಲಿ ಕೋಷ್ಟಕವಿರುವುದು, ಚಿತ್ರವಿರುವುದು, ನುಡಿಯಲ್ಲಿರುವುದು, ಯೂನಿಕೋಡ್‌ನಲ್ಲಿರುವುದು ಎಲ್ಲವೂ ಇರಬೇಕು.

(4) ಉಳಿದುದನ್ನು ಪ್ರತ್ಯೇಕ ಫೋಲ್ಡರಿಗೆ, ತಿಂಗಳವಾರು ಪರಿವರ್ತಿಸುವುದು.

(5) ಸಂಖ್ಯೆ ತಾಳೆ ನೋಡುವುದು. ಪಾಸ್‌ವರ್ಡ್ ಇರುವ ಕಡತಗಳು ಪರಿವರ್ತನೆಯಾಗದೆ ಉಳಿದಿರಬಹುದು. ಅವನ್ನು ಕೈಯಿಂದ ಮಾಡುವುದು.

(6) ಫಲಾನುಭವಿಗಳ ಪಟ್ಟಿ ಮತ್ತು ಮೊತ್ತವಿರುವ ಪ್ರತಿಯೊಂದು ಕಡತವನ್ನೂ ಮೂಲದೊಂದಿಗೆ ಸಾಲು ಸಾಲಾಗಿ ಹೋಲಿಸುವುದು. ಇತರ ಕಡತಗಳಲ್ಲಿ ಕೆಲವನ್ನು ಆಯ್ದು ನೋಡುವುದು.

(7) ದಿನಾಂಕ, ಕಾರಣ, ಸಂಖ್ಯೆ, ಮಾಡಿದವರು, ಪರಿಶೀಲಿಸಿದವರು ಎಂಬ ವಿವರಗಳನ್ನು ವಹಿಯಲ್ಲಿ ಬರೆದು ಸಹಿ ಪಡೆಯುವುದು.

ಮಾನ್ಯ ಸದಸ್ಯರೇ, ಸಭೆಯಲ್ಲಿ ಈ ವಿಷಯ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸಾಕು: ಹಳೆಯ ನಮೂನೆ ಯಾರಿಗೆ, ಯಾತಕ್ಕೆ ಬೇಕು? ಮೂಲ ಎಲ್ಲಿದೆ? ಎಷ್ಟು ಕೊಟ್ಟು ಎಷ್ಟು ಬಂದವು? ಹೋಲಿಸಿ ನೋಡಿದವರು ಯಾರು? ಉತ್ತರವನ್ನು ನಡವಳಿಯಲ್ಲಿ ದಾಖಲಿಸುವಂತೆಯೂ ಸೂಚಿಸಬಹುದು. ಸಿಬ್ಬಂದಿಯ ಮೇಲಿನ ಅನುಮಾನದಿಂದ ಕೇಳುವ ಪ್ರಶ್ನೆಗಳಲ್ಲ ಇವು. ಮುಂದೆ ದೂರು ಬಂದಾಗ ಸಿಬ್ಬಂದಿಗೂ ಇವೇ ರಕ್ಷಣೆ. ಸದಸ್ಯತ್ವದ ಅವಧಿ 5 ವರ್ಷ. ಗ್ರಾಮ ಸಭೆಯ ಪಟ್ಟಿಯಲ್ಲಿರುವ ಹೆಸರುಗಳಿಗೆ ಅದಕ್ಕಿಂತ ದೀರ್ಘವಾದ ಬಾಳಿಕೆ ಬೇಕು. ಅದನ್ನು ಕಾಯುವುದು ಸದಸ್ಯರ ಹೊಣೆಯೂ ಹೌದು.