ನಮ್ಮ ಖುಷಿಯ ಬೆಲೆಯನ್ನು ಬೇರೆಯವರು ಕೊಡಬಾರದು





ಇವತ್ತು ಒಂದು ಸಣ್ಣ ವಸ್ತುವಿನ ಬಗ್ಗೆ ಮಾತನಾಡುತ್ತೇನೆ. ಅದು ಪಾರ್ಟಿ ಪಾಪರ್. ಹುಟ್ಟುಹಬ್ಬವಿರಲಿ, ಮದುವೆಯಿರಲಿ, ಕ್ರಿಕೆಟ್ ಕಪ್ ಗೆದ್ದಿರಲಿ, ಈಗ ಈಶ್ವರಮಂಗಲದಂಥ ಊರಿನಲ್ಲೂ ಪಾಪರ್ ಇಲ್ಲದೆ ಸಂಭ್ರಮವಿಲ್ಲ. ಢಂ ಎಂಬ ಸದ್ದು, ಮೇಲಿನಿಂದ ಮಿನುಗುವ ಚೂರುಗಳ ಮಳೆ. ನೋಡಲು ಚಂದವೇ. ನಾನೂ ಚಪ್ಪಾಳೆ ತಟ್ಟಿದವನೇ.

ಕೆಲವು ವರ್ಷಗಳ ಹಿಂದೆ ನಾನು ಕಲಿಸುತ್ತಿದ್ದ ಒಂದು ಶಾಲೆಯಲ್ಲಿ ಹತ್ತನೇ ತರಗತಿಯ ಬೀಳ್ಕೊಡುಗೆ. "ಸಾರ್, ಪಾಪರ್ ತರಬಹುದಾ?" ಎಂದು ಮಕ್ಕಳು ಕೇಳಿದರು. "ಎರಡೇ ಎರಡು" ಎಂದು ಒಪ್ಪಿದವನು ನಾನೇ. ಒಂದು ಸಿಡಿಯಲಿಲ್ಲ. ಯಾಕೆಂದು ಒಬ್ಬ ಹುಡುಗ ಅದರ ಬಾಯಿಗೆ ಬಗ್ಗಿ ನೋಡಿದ. ಅದೇ ಹೊತ್ತಿಗೆ ಪಕ್ಕದವನು ಬುಡವನ್ನು ಇನ್ನೊಮ್ಮೆ ತಿರುಚಿದ. ಹದಿನೈದು ದಿನ ಕಣ್ಣಿಗೆ ಪಟ್ಟಿ. ಅಲ್ಲಾಹನ ಕೃಪೆಯಿಂದ ದೃಷ್ಟಿ ಉಳಿಯಿತು. ಅವನ ತಾಯಿ ನನಗೆ ಒಂದು ಮಾತೂ ಬೈಯಲಿಲ್ಲ. ಅದೇ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಇದು ಬರೀ ಆಟಿಕೆಯಲ್ಲ ಎಂದು ನನಗೆ ಆಮೇಲೆ ತಿಳಿಯಿತು. ದಾರ ಎಳೆಯುವ ಚಿಕ್ಕ ಪಾಪರಿನಲ್ಲಿ ಚಿಟಿಕೆಗಿಂತಲೂ ಕಡಿಮೆ ಸಿಡಿಮದ್ದು ಇರುತ್ತದೆ. ಬುಡ ತಿರುಚುವ ಉದ್ದನೆಯ ಕೊಳವೆಯಲ್ಲಿ ಒತ್ತಿ ತುಂಬಿದ ಗಾಳಿ. ಅದರ ರಭಸವೆಲ್ಲ ಕೊಳವೆಯ ಬಾಯಲ್ಲಿ. ಸ್ನೋ ಸ್ಪ್ರೇ ಇನ್ನೂ ಅಪಾಯ. ಹಲವು ಡಬ್ಬಿಗಳಲ್ಲಿ ಬೇಗ ಹೊತ್ತಿಕೊಳ್ಳುವ ಅನಿಲವಿದೆ. ಕೇಕಿನ ಮೇಣದ ಬತ್ತಿಯ ಹತ್ತಿರ ಅದನ್ನು ಸಿಂಪಡಿಸಿದರೆ ಮುಖಕ್ಕೇ ಬೆಂಕಿ.

ಈ ಚೂರುಗಳಿಗೆ ಕಾನ್ಫೆಟ್ಟಿ ಎನ್ನುತ್ತಾರೆ. ಇಟಲಿ ಭಾಷೆಯಲ್ಲಿ ಆ ಮಾತಿಗೆ ಸಕ್ಕರೆ ಮಿಠಾಯಿ ಎಂದರ್ಥ. ಹಿಂದೆ ಅಲ್ಲಿ ಜನ ಎರಚುತ್ತಿದ್ದದ್ದು ಮಿಠಾಯಿಯನ್ನೇ. ಉರ್ದು ಮಾತನಾಡುವ ನಮ್ಮ ಮನೆಗಳ ನಿಕಾಹಿನಲ್ಲೂ ಛುಹಾರಾ, ಅಂದರೆ ಒಣ ಖರ್ಜೂರ, ಎರಚುವ ವಾಡಿಕೆಯಿತ್ತು. ಮಕ್ಕಳು ಹೆಕ್ಕಿ ತಿನ್ನುತ್ತಿದ್ದರು, ನೆಲದಲ್ಲಿ ಏನೂ ಉಳಿಯುತ್ತಿರಲಿಲ್ಲ. ಮಿಠಾಯಿ ಹೋಗಿ ಕಾಗದ ಬಂತು, ಕಾಗದ ಹೋಗಿ ಪ್ಲಾಸ್ಟಿಕ್ ಬಂತು. ಹಾಲ್ ಗುಡಿಸುವ ಅಕ್ಕ ರಾತ್ರಿ ಬಗ್ಗಿ ಬಗ್ಗಿ ಹೆಕ್ಕಿದರೂ ಅದು ಮುಗಿಯದು. ಮಳೆ ಬಂದರೆ ತೋಡಿಗೆ, ಅಡಿಕೆ ತೋಟಕ್ಕೆ. 2022ರ ಜುಲೈ 1ರಿಂದ ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೋಕೋಲ್ ದೇಶದಲ್ಲೇ ನಿಷೇಧವಾಗಿವೆ. ಈ ಚೂರುಗಳನ್ನು ಬಿಡಲು ನಾವು ಇನ್ನೊಂದು ಕಾನೂನಿಗೆ ಕಾಯಬೇಕೇ?

ಮೋಜಿಗೆ ಎಲ್ಲೆ ಇಲ್ಲದಿದ್ದರೆ ಅದು ಎಲ್ಲಿಗೆ ಮುಟ್ಟುತ್ತದೆ ಎಂದು ನಮ್ಮ ಜಿಲ್ಲೆ ಕಂಡಿದೆ. 2022ರ ಜನವರಿಯಲ್ಲಿ ವಿಟ್ಲ ಸಮೀಪದ ಸಾಲೆತ್ತೂರಿನಲ್ಲಿ ಮದುಮಗನೊಬ್ಬ ಗೆಳೆಯರೊಡನೆ ಕೊರಗಜ್ಜನನ್ನು ಹೋಲುವ ವೇಷದಲ್ಲಿ ಬಂದ. ನೆರೆಹೊರೆಯವರ ನಂಬಿಕೆಗೆ ನೋವಾಯಿತು, ಪೊಲೀಸ್ ಕೇಸಾಯಿತು. ಒಂದು ರಾತ್ರಿಯ ತಮಾಷೆಗೆ ಇಡೀ ಸಮುದಾಯ ತಲೆತಗ್ಗಿಸಬೇಕಾಯಿತು.

ಇಸ್ಲಾಂ ಸಂತೋಷಕ್ಕೆ ಅಡ್ಡಿ ಮಾಡಿಲ್ಲ. ನಿಕಾಹನ್ನು ಹತ್ತು ಜನರಿಗೆ ತಿಳಿಯುವಂತೆ ಮಾಡಿ, ದಫ್ ಬಾರಿಸಿ ಎಂದು ಹದೀಸುಗಳಲ್ಲಿದೆ. ತಮಾಷೆಗಾದರೂ ಸಹೋದರನನ್ನು ಬೆಚ್ಚಿಬೀಳಿಸಬಾರದು ಎಂಬುದೂ, ದಾರಿಯಲ್ಲಿರುವ ತೊಡಕನ್ನು ತೆಗೆಯುವುದು ಈಮಾನಿನ ಒಂದು ಭಾಗ ಎಂಬುದೂ ಅಲ್ಲೇ ಇದೆ. ದುಂದುವೆಚ್ಚವನ್ನು ಕುರ್‌ಆನ್ ಸೂರಃ ಅಲ್ ಇಸ್ರಾದಲ್ಲಿ ಕಟುವಾಗಿ ಖಂಡಿಸಿದೆ.

ಮಕ್ಕಳೇ, ಸಂತೋಷ ಪಡಬೇಡಿ ಎನ್ನಲು ನಾನು ಇಲ್ಲಿ ನಿಂತಿಲ್ಲ. ದಫ್ ಇದೆ, ಹಾಡಿದೆ, ಹಂಚಿ ತಿನ್ನಲು ಮಿಠಾಯಿಯಿದೆ. ಪಾಪರ್ ಬಳಸಲೇಬೇಕೆಂದಿದ್ದರೆ ಕಾಗದದ್ದನ್ನೇ ತನ್ನಿ. ಹಿರಿಯರ ಕೈಯಲ್ಲಿರಲಿ, ಬಾಯಿ ಆಕಾಶದ ಕಡೆಗಿರಲಿ. ಸಿಡಿಯದಿದ್ದರೆ ಬಗ್ಗಿ ನೋಡಬೇಡಿ. ಹಸುಗೂಸು, ವೃದ್ಧರು ಇದ್ದಲ್ಲಿ ಬೇಡವೇ ಬೇಡ. ಕೊನೆಗೆ ಪೊರಕೆ ನೀವೇ ಹಿಡಿಯಿರಿ.

ನಾನಂತೂ ಆ ದಿನದಿಂದ ಯಾವ ಮಗುವಿಗೂ "ಎರಡೇ ಎರಡು" ಎಂದು ಹೇಳಿಲ್ಲ. ನಮ್ಮ ಖುಷಿಯ ಬೆಲೆಯನ್ನು ಇನ್ನೊಬ್ಬರ ಕಣ್ಣು, ಇನ್ನೊಬ್ಬರ ಬೆನ್ನು, ಇನ್ನೊಬ್ಬರ ಮನಸ್ಸು ತೆರದಿರಲಿ. ಅಲ್ಲಾಹನು ನಮಗೆ ಆ ವಿವೇಕ ಕೊಡಲಿ, ಆಮೀನ್.